ಬೈಬಲ್ಲಿನಲ್ಲಿಲ್ಲದ ಕ್ರಿಸ್ಮಸ್

ಯೇಸು ಹುಟ್ಟಿದ್ದು ಡಿಸೆಂಬರ್ 25ರಂದು ಎಂದು ಬೈಬಲ್ಲಿನಲ್ಲಿ ಎಲ್ಲೂ ಬರೆದಿಲ್ಲ. ರೋಮಿನಲ್ಲಿ ಆ ತಾರೀಖಿಗೆ ಸಿಗುವ ಹಳೆಯ ದಾಖಲೆಯೆಂದರೆ 354ರಲ್ಲಿ ಸಂಕಲಿಸಿದ ಒಂದು ಪಂಚಾಂಗ. ದೇವರು ಆಜ್ಞಾಪಿಸದ್ದು ಆರಾಧನೆಯಲ್ಲಿ ಇರಕೂಡದೆಂದು ನಂಬಿದ್ದ ಪ್ಯೂರಿಟನ್ ಪಂಥದವರಿಗೆ ಈ ಹಬ್ಬ ಬರೀ ಮನುಷ್ಯರ ಕಲ್ಪನೆ. 1647ರಲ್ಲಿ ಇಂಗ್ಲೆಂಡಿನ ಸಂಸತ್ತು ಅದನ್ನು ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಂತೂ 1659ರಲ್ಲಿ, ಆ ದಿನ ಕೆಲಸ ಬಿಟ್ಟು ಔತಣ ಮಾಡಿದವರಿಗೆ ಐದು ಶಿಲಿಂಗ್ ದಂಡ ವಿಧಿಸಿತು. 1681ರವರೆಗೆ ಆ ಕಾನೂನು ಉಳಿಯಿತು. (ದಂಡಕ್ಕೂ ಬೈಬಲ್ಲಿನಲ್ಲಿ ಆಧಾರವಿರಲಿಲ್ಲ ಎನ್ನುವುದು ಬೇರೆ ಮಾತು.)

ಮನುಷ್ಯರು ಕಟ್ಟಿಕೊಂಡ ಸಂಪ್ರದಾಯವನ್ನು ಯೇಸುವೇ ಖಂಡಿಸಿದನಲ್ಲ ಎನ್ನಬಹುದು. ಅಷ್ಟಕ್ಕೂ ಆತ ಖಂಡಿಸಿದ್ದು ಎಂಥ ಸಂಪ್ರದಾಯವನ್ನು? ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯ ನೋಡಿ. ತನ್ನ ಹಣ ದೇವರಿಗೆ ಮುಡಿಪು ಎಂದು ಸಾರಿ, ಹೆತ್ತವರನ್ನು ಕೈಬಿಡಲು ದಾರಿ ಮಾಡಿಕೊಡುತ್ತಿದ್ದ ಪದ್ಧತಿ ಅದು. ತಂದೆತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆಯನ್ನೇ ಅದು ಮುರಿಯುತ್ತಿತ್ತು. ಯೋಹಾನನ ಹತ್ತನೇ ಅಧ್ಯಾಯದಲ್ಲಾದರೋ ಯೇಸು ದೇವಾಲಯದ ಪ್ರತಿಷ್ಠೆಯ ಹಬ್ಬದ ಹೊತ್ತಿಗೆ ಜೆರುಸಲೇಮಿನಲ್ಲಿದ್ದಾನೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಆ ಹಬ್ಬವಿಲ್ಲ, ಆದರೂ ಯೇಸು ಅದನ್ನು ಜರೆದ ಸುಳಿವಿಲ್ಲ. ಹಾಗಾದರೆ ಯಾವ ಆಚಾರವನ್ನಾದರೂ ಸಮರ್ಥಿಸಬಹುದಲ್ಲ ಎಂದು ಕೇಳಬಹುದು. ಆಗದು. 1517ರಲ್ಲಿ ಧರ್ಮಸುಧಾರಕ ಲೂಥರ್ ಪ್ರಶ್ನಿಸಿದ ಪಾಪದಂಡ ವಿನಾಯಿತಿ ಪತ್ರಗಳ ವ್ಯಾಪಾರ ಕ್ಷಮೆಯ ಹೆಸರಿನಲ್ಲಿ ಬಡವರ ಜೇಬಿಗೇ ಕೈಹಾಕಿತ್ತು, ಅದು ತೊಲಗಲೇಬೇಕಿತ್ತು. ಇನ್ನು ಶಾಸ್ತ್ರವೊಂದೇ ಸಾಕು, ಸಂಪ್ರದಾಯ ಬೇಡವೇ ಬೇಡ ಎನ್ನುವವರು ಒಂದನ್ನು ಗಮನಿಸಬೇಕು. ಹೊಸ ಒಡಂಬಡಿಕೆಯಲ್ಲಿ ಯಾವ ಪುಸ್ತಕಗಳಿರಬೇಕೆಂಬ ಪಟ್ಟಿ ಬೈಬಲ್ಲಿನೊಳಗೇ ಇಲ್ಲ. ಇಂದಿನ 27 ಪುಸ್ತಕಗಳ ಪಟ್ಟಿ ಯಥಾವತ್ತಾಗಿ ಮೊದಲು ಕಾಣುವುದು 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ.