ಗುಂಡಿನ ಲೆಕ್ಕ, ಪೆಟ್ರೋಲಿನ ಲೆಕ್ಕ

ಹಲಗೆಯ ಮೇಲೆ ವಿಮಾನ ಕಾದಾಡಿಸುವ ಹಳೆಯ ಆಟಗಳಲ್ಲಿ ಗುಂಡಿಗೆ ಜಿಪುಣ ಲೆಕ್ಕವಿರುತ್ತದೆ, ಪೆಟ್ರೋಲನ್ನು ಕೇಳುವವರೇ ಇರುವುದಿಲ್ಲ, ಯಾಕೆ ಎಂದು ಓದುಗರೊಬ್ಬರ ಪ್ರಶ್ನೆ. ನಿಯಮ ಬರೆದವರ ಸೋಮಾರಿತನವಂತೂ ಅಲ್ಲ.

ಮೈಕ್ ಕಾರ್ 1960ರ ದಶಕದಲ್ಲಿ ರೂಪಿಸಿದ 'ಫೈಟ್ ಇನ್ ದ ಸ್ಕೈಸ್', ಅವಲಾನ್ ಹಿಲ್ ಕಂಪನಿ 1972ರಲ್ಲಿ ತಂದ 'ರಿಚ್‌ಥೋಫೆನ್ಸ್ ವಾರ್' ಎರಡೂ ಮೊದಲ ಮಹಾಯುದ್ಧದ ಆಕಾಶದವು. ಒಂದು ಸರದಿಗೆ ಹತ್ತು ಸೆಕೆಂಡು ಎಂದಿಟ್ಟುಕೊಳ್ಳಿ. ಟ್ಯಾಂಕು ತುಂಬಿದ ಸಾಪ್‌ವಿತ್ ಕ್ಯಾಮೆಲ್ ಯುದ್ಧವಿಮಾನ ಸುಮಾರು ಎರಡೂವರೆ ಗಂಟೆ ಹಾರುತ್ತಿತ್ತು. ಅಂದರೆ 900 ಸರದಿ! ಅಷ್ಟು ಆಡುವಷ್ಟರಲ್ಲಿ ಆಟಗಾರರೇ ಎದ್ದು ಹೋಗಿರುತ್ತಾರೆ.

ಗುಂಡಿನ ಕಥೆ ಬೇರೆ. ಆರಂಭದ ಲೂಯಿಸ್ ಗನ್ನಿನ ಡ್ರಮ್ಮಿನಲ್ಲಿದ್ದದ್ದು 47 ಗುಂಡು. ನಿಮಿಷಕ್ಕೆ 500ಕ್ಕೂ ಹೆಚ್ಚು ಉಗುಳುವ ಬಂದೂಕಿಗೆ ಅದು ಆರು ಸೆಕೆಂಡಿಗೂ ಸಾಲದು. ಮುಗಿದರೆ ಹಾರುತ್ತಲೇ ಡ್ರಮ್ ಬದಲಿಸಬೇಕು. 1915ರ ಮೇ 10ರಂದು ಬ್ರಿಟಿಷ್ ಪೈಲಟ್ ಲೂಯಿ ಸ್ಟ್ರೇಂಜ್ ಹಾಗೆ ಎದ್ದು ನಿಂತು, ಕಚ್ಚಿಕೊಂಡಿದ್ದ ಡ್ರಮ್ಮನ್ನು ಎಳೆಯುತ್ತಿದ್ದಾಗ ವಿಮಾನ ತಲೆಕೆಳಗಾಯಿತು. ಆತ ಡ್ರಮ್ಮನ್ನೇ ಹಿಡಿದು ನೇತಾಡಿದ. ಕ್ಷಣದ ಹಿಂದೆ ಕಿತ್ತು ಬರಲಿ ಎಂದು ಜಗ್ಗುತ್ತಿದ್ದವನು ಈಗ ಬಾರದಿರಲಿ ಎಂದು ಬೇಡಬೇಕು! ಹೇಗೋ ಕಾಲುಗಳನ್ನು ಕಾಕ್‌ಪಿಟ್ಟಿನೊಳಕ್ಕೆ ತೂರಿಸಿ, ವಿಮಾನವನ್ನು ನೆಟ್ಟಗೆ ಮಾಡಿ ಬದುಕಿ ಬಂದ. ಯಾವ ದಾಳದಲ್ಲೂ ಇಂಥದ್ದು ಬೀಳದು.

ಎರಡನೇ ಮಹಾಯುದ್ಧಕ್ಕೆ ಬಂದರೆ, 1940ರ ಸ್ಪಿಟ್‌ಫೈರ್‌ಗೆ ಎಂಟು ಬಂದೂಕು, ಒಂದೊಂದಕ್ಕೂ 300 ಗುಂಡು. ಗುಂಡಿ ಒತ್ತಿ ಹಿಡಿದರೆ ಸುಮಾರು 15 ಸೆಕೆಂಡಿನಲ್ಲಿ ಎಲ್ಲ ಖಾಲಿ. ಹೊಸ ಆಟಗಾರ ದೀಪಾವಳಿ ಬೆಳಿಗ್ಗೆಯೇ ಪಿಸ್ತೂಲಿನ ರೀಲು ಪಟಾಕಿಯನ್ನೆಲ್ಲ ಸುಟ್ಟು, ಸಂಜೆ ಅಣ್ಣನ ಮುಂದೆ ಕೈಯೊಡ್ಡುವ ಹುಡುಗನಂತೆ. ದೂರದಿಂದಲೇ ಹಾರಿಸಿ, ಶತ್ರು ಮೂಗಿನೆದುರು ಬಂದಾಗ ಬರಿಗೈಯಾಗಿರುತ್ತಾನೆ. ವಿಮಾನದ ಚೀಟಿಯಲ್ಲಿ ಗುಂಡಿನ ಚೌಕಗಳಿಗೆ ಒಂದೊಂದಾಗಿ ಅಡ್ಡಗೆರೆ ಬೀಳುತ್ತಿದ್ದರೆ ಕೈ ತಾನಾಗಿ ಬಿಗಿಯಾಗುತ್ತದೆ.

ಆದರೆ ಅದೇ ವರ್ಷದ ಜರ್ಮನ್ ಮೆಸರ್‌ಸ್ಮಿಟ್ 109ಕ್ಕೆ ಪೆಟ್ರೋಲೇ ಕಂಟಕ. ಫ್ರಾನ್ಸಿನಿಂದ ಹೊರಟು ಲಂಡನ್ ಮುಟ್ಟಿದರೆ ಕಾದಾಡಲು ಉಳಿಯುತ್ತಿದ್ದದ್ದು ಹತ್ತು ನಿಮಿಷದ ಆಸುಪಾಸು. ಹಾಗಾಗಿ ಎರಡು ವಿಮಾನಗಳ ಜಗಳದ ಆಟದಲ್ಲಿ ಕಾಣೆಯಾಗುವ ಇಂಧನ, ಇಡೀ ದಾಳಿಯನ್ನು ಆಡಿಸುವ ಆಟದಲ್ಲಿ ಯಜಮಾನನಾಗುತ್ತದೆ. ಡಬ್ಬಿಯ ಮೇಲೆ 'ಸಂಪೂರ್ಣ ನೈಜ' ಎಂಬ ಜಂಬ ಕಂಡರೆ ನಾನು ಮೊದಲು ನೋಡುವುದು ಒಂದು ಸರದಿ ಎಷ್ಟು ಹೊತ್ತು ಎಂಬುದನ್ನೇ.

ಜೆಟ್ ಯುಗ ಈ ಲೆಕ್ಕವನ್ನು ಮತ್ತೆ ತಿರುವಿತು. ಮೊದಲ ಫ್ಯಾಂಟಮ್ ಜೆಟ್‌ಗಳಲ್ಲಿ ಒಳಗೆ ಬಂದೂಕೇ ಇರಲಿಲ್ಲ. ಸಾಮಾನ್ಯವಾಗಿ ನಾಲ್ಕು ಸ್ಪ್ಯಾರೊ, ನಾಲ್ಕು ಸೈಡ್‌ವೈಂಡರ್ ಕ್ಷಿಪಣಿ, ಅಷ್ಟೇ. ಆಫ್ಟರ್‌ಬರ್ನರ್ ಹೊತ್ತಿಸಿ ವೇಗ ಹೆಚ್ಚಿಸಿದರಂತೂ ಇಂಧನದ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ಆ ಕಾಲದ ಆಟದಲ್ಲಿ ಇಂಧನಕ್ಕೂ ಚೌಕ ಬರೆಯಲೇಬೇಕು.