ಬೈಬಲ್‌ಗೆ ಬಿದ್ದ ಕತ್ತರಿ

1807ರಲ್ಲಿ ಲಂಡನ್‌ನಲ್ಲಿ ಒಂದು ಬೈಬಲ್ ಅಚ್ಚಾಯಿತು. ಯಾರಿಗಾಗಿ ಗೊತ್ತಾ? ವೆಸ್ಟ್ ಇಂಡೀಸ್‌ನ ಬ್ರಿಟಿಷ್ ದ್ವೀಪಗಳ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರಿಗಾಗಿ. ಆದರೆ ಅದು ಪೂರ್ತಿ ಬೈಬಲ್ ಅಲ್ಲ. ಮೋಶೆ ತನ್ನ ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಕಥೆಗೆ ಕತ್ತರಿ. ಕ್ರಿಸ್ತನಲ್ಲಿ ದಾಸ ಬೇರೆ, ಸ್ವತಂತ್ರ ಬೇರೆ ಅನ್ನೋ ಲೆಕ್ಕವೇ ಇಲ್ಲ ಎಂದು ಪೌಲ ಗಲಾತ್ಯದವರಿಗೆ ಬರೆದ ಮಾತಿಗೂ ಕತ್ತರಿ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎನ್ನುವ ಮಾತು ಮಾತ್ರ ಜೋಪಾನವಾಗಿ ಉಳಿಯಿತು!

ಒಂದು ಮಾತಿಗೆ ಇಷ್ಟು ಭಯ ಯಾಕೆ?

ಗಲಾತ್ಯ ಅಂದರೆ ಇವತ್ತಿನ ಟರ್ಕಿಯ ಒಂದು ಭಾಗ. ಒಂದನೇ ಶತಮಾನದಲ್ಲಿ ಅಲ್ಲಿ ಯೆಹೂದ್ಯರಲ್ಲದ ಜನ ಕ್ರಿಸ್ತನನ್ನು ನಂಬಿದರು. ಆಮೇಲೆ ಬಂದ ಕೆಲವರು, ‘ಬರೀ ನಂಬಿಕೆ ಸಾಲದು, ಸುನ್ನತಿ ಆಗಬೇಕು, ಮೋಶೆಯ ನಿಯಮ ಪಾಲಿಸಬೇಕು’ ಅಂತ ಪಟ್ಟು ಹಿಡಿದರು. ಪೌಲ ಕೆರಳಿದ. ಅವನ ಪತ್ರಗಳು ಸಾಮಾನ್ಯವಾಗಿ ಓದುವವರಿಗಾಗಿ ದೇವರಿಗೆ ಕೃತಜ್ಞತೆ ಹೇಳಿ ಶುರುವಾಗುತ್ತವೆ. ಇದರಲ್ಲಿ ಅದೂ ಇಲ್ಲ, ನೇರ ತರಾಟೆ. ಅಬ್ರಹಾಮನನ್ನು ದೇವರು ನೀತಿವಂತ ಎಂದು ಒಪ್ಪಿದ್ದು ಅವನ ನಂಬಿಕೆ ನೋಡಿ. ಮೋಶೆಯ ನಿಯಮ ಬಂದದ್ದು 430 ವರ್ಷಗಳ ನಂತರ ಅಂತ ಪೌಲನ ವಾದ. ಇಂಜಿನಿಯರಿಂಗ್ ಓದಿದ ನನಗೆ ಈ ತರ್ಕ ತುಂಬಾ ಇಷ್ಟ. ಯಾವುದು ಮೊದಲು, ಯಾವುದು ಆಮೇಲೆ ಅಂತ ಟೈಮ್‌ಲೈನ್ ಹಾಕಿಯೇ ಎದುರಾಳಿಯ ಬಾಯಿ ಮುಚ್ಚಿಸುತ್ತಾನೆ.

ಅದೇ ಪತ್ರದಲ್ಲಿ ಅಂತಿಯೋಕ್ಯದ ಜಗಳವೂ ಇದೆ. ಯೇಸುವಿನ ಹಿರಿಯ ಶಿಷ್ಯ ಪೇತ್ರ ಅಲ್ಲಿ ಅನ್ಯಜನರ ಜೊತೆ ಕೂತು ಊಟ ಮಾಡುತ್ತಿದ್ದ. ಜೆರುಸಲೇಮಿನಿಂದ ಕೆಲವರು ಬಂದದ್ದೇ ತಡ, ಹೆದರಿ ಪಂಕ್ತಿ ಬಿಟ್ಟು ಎದ್ದ. ಪೌಲ ಎಲ್ಲರೆದುರೇ ಅವನನ್ನು ತಡೆದು ಪ್ರಶ್ನೆ ಮಾಡಿದ. ಅಂದರೆ ನಂಬಿಕೆಯ ಪರೀಕ್ಷೆ ನಡೆದದ್ದು ಊಟದ ಪಂಕ್ತಿಯಲ್ಲಿ.

ಇನ್ನು ದೇವರೊಂದಿಗಿನ ಸಮಾಧಾನ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದ ವಿಷಯ ಇದೇ. ಕನ್ನಡದಲ್ಲಿ ‘ಸಮಾಧಾನ’ ಅಂದ ತಕ್ಷಣ ನಮಗೆ ನೆನಪಾಗುವುದು ‘ಸಮಾಧಾನ ಮಾಡ್ಕೊಳ್ಳಿ’ ಅನ್ನೋ ಸಾಂತ್ವನ. ಪೌಲ ಹೇಳುತ್ತಿರುವುದು ಅದಲ್ಲ. ವೈರ ಮುಗಿದಿದೆ, ರಾಜಿಯಾಗಿದೆ, ಇನ್ನು ಮನುಷ್ಯ ದೇವರ ಮುಂದೆ ಅಳುಕದೆ ನಿಲ್ಲಬಹುದು ಅಂತ. ತೋಟದ ಮಾಲೀಕನಿಗೆ ಬೇಕಿದ್ದದ್ದು ಮೊದಲನೆಯ ಸಮಾಧಾನ. ಎರಡನೆಯದು ಸಿಕ್ಕವನು ಮಾಲೀಕನ ಮುಂದೆಯೂ ತಲೆ ಎತ್ತಬಹುದಲ್ಲ!

ಹಾಗಂತ ಪೌಲನನ್ನು ಗುಲಾಮಗಿರಿ ವಿರೋಧಿ ಹೋರಾಟಗಾರ ಅಂದರೆ ಅದು ಸುಳ್ಳು. ಒನೇಸಿಮ ಎಂಬ ದಾಸನನ್ನು ಅವನು ಯಜಮಾನ ಫಿಲೆಮೋನನ ಬಳಿಗೇ ವಾಪಸ್ ಕಳಿಸಿದ. ದಾಸನಂತಲ್ಲ, ಸಹೋದರನಂತೆ ಸೇರಿಸಿಕೋ ಎಂದು ಕೇಳಿಕೊಂಡ, ಅಷ್ಟೇ. ಸ್ವಾತಂತ್ರ್ಯ ಅಂದರೆ ಮನಸ್ಸಿಗೆ ಬಂದಂತೆ ಇರುವುದಲ್ಲ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡುವುದು ಎಂದೂ ಬರೆದ. ಆ ‘ಒಬ್ಬರಿಗೊಬ್ಬರು’ ಅನ್ನೋದನ್ನು ಮಾಲೀಕರು ಓದಿದಂತೆ ಕಾಣೆ.

ಕತ್ತರಿಸಿದರೂ ಮಾತು ನಿಲ್ಲಲಿಲ್ಲ. ಜಮೈಕಾದಲ್ಲಿ ಸ್ಯಾಮುಯೆಲ್ ಶಾರ್ಪ್ ಎಂಬ ಗುಲಾಮನಿದ್ದ. ಅಕ್ಷರ ಬಲ್ಲವನು, ಬ್ಯಾಪ್ಟಿಸ್ಟ್ ಸಭೆಯ ಡೀಕನ್. ಬೈಬಲ್ ಓದಿಯೇ ಅವನು ಜನರನ್ನು ಸೇರಿಸಿದ. 1831ರ ಕ್ರಿಸ್‌ಮಸ್ ಕಳೆದ ಮೇಲೆ ಕೂಲಿ ಕೊಡದೆ ಕೆಲಸ ಮಾಡುವುದಿಲ್ಲ ಅಂತ ಮುಷ್ಕರಕ್ಕೆ ಕರೆ ಕೊಟ್ಟ. ಅದು ದಂಗೆಯಾಯಿತು. 1832ರ ಮೇ ತಿಂಗಳಲ್ಲಿ ಅವನನ್ನು ಗಲ್ಲಿಗೇರಿಸಿದರು. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು.