ವ್ಯಾಯಾಮಶಾಲೆಯ ಹೊಸ್ತಿಲಲ್ಲಿ ನಮ್ಮ ಹುಡುಗರು

ವರ್ಷ ವರ್ಷವೂ ಮುಂಗಾರು ಹಿಡಿಯುವ ಹೊತ್ತಿಗೆ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಬರುವ ರೈಲುಗಳಲ್ಲಿಯೂ ಬಸ್ಸುಗಳಲ್ಲಿಯೂ ನಮ್ಮ ನಾಡಿನ ತರುಣರು ವಿದ್ಯಾಭ್ಯಾಸಕ್ಕೆಂದು ಪುಣೆಗೆ ಬಂದಿಳಿಯುತ್ತಾರೆ. ವಾರದೊಳಗೆ ಇರಲು ಕೋಣೆ ಸಿಗುತ್ತದೆ. ಹದಿನೈದು ದಿನಗಳಲ್ಲಿ ನಾಲಗೆಗೆ ಒಗ್ಗುವ ಊಟದ ಮೆಸ್ಸು ಗೊತ್ತಾಗುತ್ತದೆ. ತಿಂಗಳು ಕಳೆಯುವುದರೊಳಗೆ ಗ್ರಂಥಾಲಯದ ಚೀಟಿಯೂ ಕೈಸೇರುತ್ತದೆ. ಆದರೆ ಕಾಲೇಜಿನ ಆವರಣದಲ್ಲಿಯೇ ಇರುವ ಒಂದು ಬಾಗಿಲನ್ನು ಮಾತ್ರ ಅನೇಕರು ಪದವಿ ಪಡೆದು ಊರಿಗೆ ಮರಳುವ ತನಕವೂ ದಾಟುವುದಿಲ್ಲ. ಅದು ವ್ಯಾಯಾಮಶಾಲೆಯ ಬಾಗಿಲು. ಇಂದಿನ ಹುಡುಗರ ಮಾತಿನಲ್ಲಿ ಹೇಳುವುದಾದರೆ ‘ಜಿಮ್’.

ಕಾರಣ ಕೇಳಿದರೆ ನೂರು ನೆಪಗಳು ಬರುತ್ತವೆ. ಅಭ್ಯಾಸ ಬಹಳ, ಹೊತ್ತು ಸಾಲದು, ಬೂಟುಗಳಿಲ್ಲ, ಮಳೆ ನಿಲ್ಲಲಿ, ಪರೀಕ್ಷೆ ಮುಗಿಯಲಿ. ಇವೆಲ್ಲವುಗಳ ಹಿಂದೆ ಇರುವ ನಿಜವಾದ ಕಾರಣ ಒಂದೇ: ನಾಚಿಕೆ. ನಮ್ಮ ಬಳಗದ ಹುಡುಗನೊಬ್ಬ ಹಾವೇರಿಯ ಕಡೆಯಿಂದ ಬಂದು ಇಲ್ಲಿಯ ಕಾಲೇಜೊಂದರ ವಸತಿಗೃಹದಲ್ಲಿದ್ದಾನೆ. ಬಂದ ಹೊಸತರಲ್ಲಿ ಒಂದು ಸಂಜೆ ಅವನು ಉತ್ಸಾಹದಿಂದಲೇ ಹೊರಟನಂತೆ. ಬಾಗಿಲಲ್ಲಿ ನಿಂತು ನೋಡಿದರೆ ನಾಲ್ಕು ಗೋಡೆಗೂ ಕನ್ನಡಿ. ಕನ್ನಡಿಯ ಮುಂದೆ ಕಂಬದಂತಹ ತೋಳಿನ ಹಿರಿಯ ವಿದ್ಯಾರ್ಥಿಗಳು. ಎಲ್ಲರ ಬಾಯಲ್ಲಿಯೂ ಮರಾಠಿ, ಹಿಂದಿ. ಯಾವ ಯಂತ್ರಕ್ಕೆ ಕೈ ಹಾಕಬೇಕು, ಯಾವುದಕ್ಕೆ ಕಾಲು ಕೊಡಬೇಕು ಎಂಬುದೇ ತಿಳಿಯದು. ಕನ್ನಡಿಯಲ್ಲಿ ತನ್ನ ಸಣ್ಣ ಮೈಯನ್ನು ಕಂಡವನೇ ಏನೋ ಮರೆತುಬಂದವನಂತೆ ತಿರುಗಿ ನಡೆದನು. ಆಮೇಲೆ ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೋಣೆಯಲ್ಲಿಯೇ ಕುಳಿತು, ಸರಿಯಾಗಿ ನಿದ್ದೆಯಿಲ್ಲದೆ, ಊರಿಗೆ ಫೋನು ಮಾಡಿದಾಗಲೆಲ್ಲ ಒಂದೇ ಮಾತಿನಲ್ಲಿ ಉತ್ತರ ಕೊಡತೊಡಗಿದನು. ಅವನ ತಾಯಿ ಗಾಬರಿಗೊಂಡು ನಮಗೆ ಹೇಳಿಕಳುಹಿಸಿದ ಮೇಲೆಯೇ ಈ ಸಂಗತಿ ಹೊರಬಿದ್ದಿತು.

ವಾಚಕರಲ್ಲಿ ಹಲವರಿಗೆ ಇದು ಸಣ್ಣ ವಿಷಯವೆನ್ನಿಸಬಹುದು. ನಮಗೆ ಹಾಗೆನ್ನಿಸಲಿಲ್ಲ. ಹದಿನೆಂಟು ವರ್ಷದ ಹುಡುಗ ಪರವೂರಿನಲ್ಲಿ ಒಂಟಿಯಾಗಿ ಕುಳಿತರೆ ಮೊದಲು ಸೊರಗುವುದು ದೇಹ, ಅದರ ಬೆನ್ನಿಗೇ ಮನಸ್ಸು. ಅಂತಹವನಿಗೆ ದಿನಕ್ಕೊಂದು ಗಂಟೆ ಮೈ ದಣಿಸಿ ನಾಲ್ಕು ಜನರ ಮುಖ ನೋಡುವ ಸ್ಥಳ ಇರುವುದು ಔಷಧಕ್ಕಿಂತ ಹೆಚ್ಚು. ಅದೂ ಪುಣೆಯಂತಹ ಊರಿನಲ್ಲಿ ಆ ಬಾಗಿಲಿಂದ ಹಿಂತಿರುಗುವುದೆಂದರೆ ನದಿಯ ದಂಡೆಗೆ ಬಂದು ಬಾಯಾರಿ ಹೋದಂತೆ.

ಏಕೆಂದರೆ ಅಂಗಸಾಧನೆ ಈ ಊರಿನ ಹಳೆಯ ವಿದ್ಯೆ. ಪೇಟೆಗಳ ಒಳಗಿನ ತಾಲೀಮುಗಳಲ್ಲಿ ಕೆಲವು ಪೇಶ್ವೆಯರ ಕಾಲದಷ್ಟು ಹಿಂದಿನವು. ಎರಡನೆಯ ಬಾಜೀರಾಯನ ಆಸ್ಥಾನದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರು ಮಲ್ಲಕಂಬದ ವಿದ್ಯೆಗೆ ಮರುಜೀವ ಕೊಟ್ಟರೆಂದು ಹೇಳುತ್ತಾರೆ. ಮಲ್ಲಕಂಬ ಎಂಬ ಮಾತನ್ನು ಕೇಳಿದ ಕೂಡಲೇ ಕನ್ನಡಿಗನ ಕಿವಿ ನಿಮಿರಬೇಕು. ಈ ವಿದ್ಯೆಯ ನೆನಪು ನಮ್ಮಲ್ಲಿಯೂ ಬಹಳ ಹಿಂದಿನದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ, ಮಲ್ಲರ ದರ್ಜೆಗಳೇನು, ಅವರ ಆಹಾರವೇನು, ಅಭ್ಯಾಸವೆಂತಹುದು ಎಂಬುದನ್ನು ಅಲ್ಲಿ ಹೇಳಿದೆ. ಮೈಸೂರಿನ ಗರಡಿಮನೆಗಳನ್ನೂ, ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನೂ ಯಾರು ಅರಿಯರು? ಗರಡಿಯ ಕೆಮ್ಮಣ್ಣನ್ನು ಹಣೆಗೆ ಹಚ್ಚಿಕೊಂಡು ಒಳಗೆ ಕಾಲಿಟ್ಟವರ ಮಕ್ಕಳು ಕನ್ನಡಿಯ ಗೋಡೆಗೆ ಅಂಜಬೇಕಾಗಿಲ್ಲ.

ಇರಲಿ, ಹಳೆಯ ಹಿರಿಮೆಯಿಂದ ಇಂದಿನ ನಾಚಿಕೆ ಹೋಗದು. ಆದ್ದರಿಂದ ಇದೇ ಪುಣೆಯಲ್ಲಿ, ಹೀಗೆಯೇ ಬಡಕಲು ಮೈ ಹೊತ್ತು ನಿಂತಿದ್ದ ಇಬ್ಬರ ಮಾತನ್ನು ಹೇಳುತ್ತೇವೆ.

ಮೊದಲನೆಯವರು ಲೋಕಮಾನ್ಯ ತಿಲಕರು. ೧೮೭೩ರ ಸುಮಾರಿಗೆ ಅವರು ಡೆಕ್ಕನ್ ಕಾಲೇಜಿನ ವಸತಿಗೃಹವನ್ನು ಸೇರಿದಾಗ ಗಣಿತದಲ್ಲಿ ಚುರುಕು, ಮೈಯಲ್ಲಿ ಮಾತ್ರ ತೀರ ಅಶಕ್ತ. ಈ ದೇಹವನ್ನಿಟ್ಟುಕೊಂಡು ಮುಂದಿನ ಕೆಲಸ ಸಾಗದೆಂದು ಅರಿತು, ಕಾಲೇಜಿನ ಮೊದಲ ವರ್ಷವನ್ನು ಪಾಠಕ್ಕಿಂತ ಹೆಚ್ಚಾಗಿ ವ್ಯಾಯಾಮಕ್ಕೆ ಮೀಸಲಿಟ್ಟರು. ಕುಸ್ತಿ, ಈಜು, ದಂಡ, ಬೈಠಕ್ಕು ಇವುಗಳಲ್ಲಿಯೇ ದಿನಗಳು ಕಳೆದವು. ಆ ವರ್ಷದ ಪರೀಕ್ಷೆ ಕೈತಪ್ಪಿತು. ತಿಲಕರು ಅದಕ್ಕೆ ಹಳಹಳಿಸಲಿಲ್ಲ. ಮುಂದೆ ೧೯೦೮ರಲ್ಲಿ ಆರು ವರ್ಷದ ಶಿಕ್ಷೆಯಾಗಿ ಮಂಡಾಲೆಯ ಸೆರೆಮನೆಗೆ ಹೋದಾಗ, ಅಲ್ಲಿಯ ಬಿಸಿಲನ್ನೂ ಏಕಾಂತವನ್ನೂ ತಾಳಿ ‘ಗೀತಾರಹಸ್ಯ’ದಂತಹ ಗ್ರಂಥವನ್ನು ಬರೆಯಲು ಆ ಒಂದು ವರ್ಷದ ಗಳಿಕೆ ಎಷ್ಟು ನೆರವಾಯಿತೆಂಬುದನ್ನು ವಾಚಕರೇ ಊಹಿಸಬಹುದು. ನಮ್ಮ ಹುಡುಗರು ಪರೀಕ್ಷೆಗೆ ಎರವಾಗಬೇಕೆಂದು ನಾವು ಹೇಳುವುದಿಲ್ಲ. ದಿನಕ್ಕೊಂದು ಗಂಟೆ ಸಾಕು.

ಎರಡನೆಯವರು ನಮ್ಮ ನಾಡಿನವರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಜ್ವರ ಊರೂರನ್ನು ಸುಡುತ್ತಿದ್ದ ೧೯೧೮ರ ಡಿಸೆಂಬರಿನಲ್ಲಿ ಹುಟ್ಟಿದ ಸುಂದರರಾಜನಿಗೆ ಬಾಲ್ಯವೆಲ್ಲ ಕಾಯಿಲೆಯಲ್ಲಿಯೇ ಕಳೆಯಿತು. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವೂ ಆದವು. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಯೋಗಶಾಲೆ ನಡೆಸುತ್ತಿದ್ದ ಭಾವ ಕೃಷ್ಣಮಾಚಾರ್ಯರು ೧೯೩೪ರಲ್ಲಿ ಅವನನ್ನು ಕರೆಸಿಕೊಂಡರು. ಆಗ ಅವನ ಕೈಕಾಲು ಕಡ್ಡಿಯಂತೆ. ಬಗ್ಗಿದರೆ ಬೆರಳು ನೆಲ ಮುಟ್ಟದು. ಮೂರು ವರ್ಷಗಳ ಮೇಲೆ, ೧೯೩೭ರಲ್ಲಿ, ಪುಣೆಯ ಡೆಕ್ಕನ್ ಜಿಮಖಾನಾದಿಂದ ಯೋಗ ಕಲಿಸಲು ಆರು ತಿಂಗಳ ಕರೆ ಬಂದಿತು. ಹೊರಟವನಿಗೆ ಹದಿನೆಂಟರ ಪ್ರಾಯ. ಮರಾಠಿ ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಕಲಿಯಲು ಬಂದ ಕಾಲೇಜು ವಿದ್ಯಾರ್ಥಿಗಳೋ ತನಗಿಂತ ದೊಡ್ಡವರು, ತನಗಿಂತ ಬಲಿಷ್ಠರು. ಗುರುವಿನ ಮೈ ನೋಡಿ ನಗುವವರೂ ಇದ್ದರು.

ನಮ್ಮ ಹಾವೇರಿಯ ಹುಡುಗ ಬಾಗಿಲಲ್ಲಿ ನಿಂತಾಗ ಅವನನ್ನು ಯಾರೂ ಪಾಠ ಹೇಳೆಂದು ಕೇಳಿರಲಿಲ್ಲ. ಈ ಹುಡುಗನಿಗಾದರೋ ಅದೇ ಕೆಲಸ. ಆದರೂ ತಿರುಗಿ ಹೋಗಲಿಲ್ಲ. ಮಾತು ಸಾಲದಲ್ಲಿ ದೇಹದಿಂದಲೇ ಮಾಡಿ ತೋರಿಸಿದನು. ಕೋಣೆಗೆ ಮರಳಿ ಗಂಟೆಗಟ್ಟಲೆ ತಾನೇ ಅಭ್ಯಾಸ ಮಾಡಿದನು. ಬಡತನದ ಆ ದಿನಗಳಲ್ಲಿ ಹೊಟ್ಟೆ ತುಂಬ ಅನ್ನ ಕಾಣದ ದಿವಸಗಳೂ ಇದ್ದವು. ಆರು ತಿಂಗಳಿಗೆಂದು ಬಂದವನು ಈ ಊರಿನಲ್ಲಿಯೇ ನೆಲೆನಿಂತನು. ಅವರೇ ಬಿ. ಕೆ. ಎಸ್. ಅಯ್ಯಂಗಾರರು. ೧೯೬೬ರಲ್ಲಿ ಅವರ ‘ಲೈಟ್ ಆನ್ ಯೋಗ’ ಪ್ರಕಟವಾಗಿ ಜಗತ್ತಿನ ಮನೆಮನೆಗೆ ಹೋಯಿತು; ೧೯೭೫ರಲ್ಲಿ ಪತ್ನಿ ರಮಾಮಣಿಯವರ ಹೆಸರಿನ ಸಂಸ್ಥೆ ಪುಣೆಯಲ್ಲಿ ತೆರೆಯಿತು. ೨೦೧೪ರಲ್ಲಿ ೯೫ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ಮುದುಕರಿಗೂ ರೋಗಿಗಳಿಗೂ ಆಸನ ಸಾಧ್ಯವಾಗಲೆಂದು ಹಗ್ಗ, ಕುರ್ಚಿ, ಮರದ ಇಟ್ಟಿಗೆ, ಪಟ್ಟಿಗಳನ್ನು ಬಳಸುವ ಕ್ರಮ ಅವರದು. ದುರ್ಬಲ ದೇಹದ ಕಷ್ಟವನ್ನು ಅನುಭವಿಸಿದವರಿಗೇ ಇಂತಹ ಯೋಚನೆ ಹೊಳೆಯಬಲ್ಲದು.

ಯೋಗ ಬೇರೆ, ಕಬ್ಬಿಣ ಎತ್ತುವುದು ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರ ಕೊಡಲು ಕೋಲಾರದ ಇನ್ನೊಬ್ಬರಿದ್ದಾರೆ. ಬೆಂಗಳೂರಿನ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರು ಬಾರ್‌ಬೆಲ್ಲನ್ನೂ ನಮ್ಮ ದಂಡ, ಬೈಠಕ್ಕು, ಸೂರ್ಯನಮಸ್ಕಾರಗಳನ್ನೂ ಒಂದೇ ಶಾಲೆಯಲ್ಲಿ ಕಲಿಸಿದರು. ೧೯೩೦ರಲ್ಲಿ ದೇಹಸಾಧನೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಅದೇ ಕೈ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆಯಿತು. ವ್ಯಾಯಾಮಶಾಲೆಗೆ ಹೋದರೆ ಓದು ಕೆಡುತ್ತದೆಂದು ಅಂಜುವ ತಾಯ್ತಂದೆಗಳು ಈ ಹೆಸರನ್ನು ನೆನಪಿನಲ್ಲಿಡಬೇಕು.

ಇನ್ನು ಮೊದಲ ದಿನದ ಮಾತು. ನಮ್ಮ ಹುಡುಗನನ್ನು ಕೋಣೆಯ ಜೊತೆಗಾರನೊಬ್ಬ ಕೊನೆಗೂ ಕೈಹಿಡಿದು ಕರೆದೊಯ್ದನು. ಕೆಲ ದಿನಗಳ ಮೇಲೆ ಒಂದು ಬೆಳಗ್ಗೆ ನಾವೂ ಹೋಗಿ ನೋಡಿದೆವು. ಶಿಕ್ಷಕರು ವಯಸ್ಸಾದ ಮರಾಠಿ ಗೃಹಸ್ಥರು. ಭಾರದ ತಟ್ಟೆಗಳನ್ನೆಲ್ಲ ತೆಗೆದು ಬರಿಯ ಸಲಾಕೆಯನ್ನು ಅವನ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು: ಏಕ್, ದೋನ್, ತೀನ್, ಚಾರ್. ಹುಡುಗ ಆತುರಪಟ್ಟಾಗಲೆಲ್ಲ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಸಾವಕಾಶ!” ಧಾರವಾಡದ ಕಡೆಯ ನಮಗೆ ಆ ಮಾತು ಮನೆಯಲ್ಲಿ ಅಜ್ಜಿ ಹೇಳಿದಂತೆಯೇ ಕೇಳಿಸಿತು. ತಾಲೀಮು, ವಸ್ತಾದ, ಪೈಲ್ವಾನ ಎಂಬ ಮಾತುಗಳಿಗೂ ಗಡಿಯ ಎರಡು ಕಡೆ ಅರ್ಥ ಒಂದೇ. ಕನ್ನಡಿಯ ಮುಂದೆ ನಿಂತಿದ್ದ ಆ ದಪ್ಪ ತೋಳಿನ ಹಿರಿಯರೂ ಇವನನ್ನು ನೋಡಿ ನಗುತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನ ಉಸಿರನ್ನು ಎಣಿಸುವುದರಲ್ಲಿಯೇ ಮಗ್ನನಾಗಿದ್ದನು. ಒಬ್ಬನು ಮಾತ್ರ ಬಂದು ಇವನ ಮೊಣಕೈಯನ್ನು ಸರಿಪಡಿಸಿ ಹೋದನು.

ಹೊಸದಾಗಿ ಹೋಗುವವರಿಗೆ ಕೆಲವು ಸೂಚನೆಗಳು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ನೀರು, ಒಂದು ಟವೆಲು, ಜಾರದ ಬೂಟು ಜೊತೆಗಿರಲಿ. ಎದೆನೋವು, ಉಬ್ಬಸ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮೊದಲು ಹತ್ತು ನಿಮಿಷ ನಡೆದೋ ಸೈಕಲ್ ತುಳಿದೋ ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಕೂತೇಳುವುದು, ತಳ್ಳುವುದು, ಎಳೆಯುವುದು, ಈ ಮೂರು ಬಗೆಯ ಚಲನೆಗಳು ಸಾಕು. ಒಂದೊಂದನ್ನು ೧೦ ಸಲದಂತೆ ಎರಡು ಆವೃತ್ತಿ. ಭಾರವನ್ನು ಇಳಿಸುವಾಗ ಉಸಿರು ಒಳಗೆ, ಎತ್ತುವಾಗ ಹೊರಗೆ. ಬಳಸಿದ ಸಾಮಾನನ್ನು ಅದರ ಸ್ಥಳದಲ್ಲಿಯೇ ಇಡುವುದು, ಬೆವರು ಬಿದ್ದಲ್ಲಿ ಒರೆಸುವುದು ಅಲ್ಲಿಯ ಮರ್ಯಾದೆ.

ಮರುದಿನ ಮೈಯೆಲ್ಲ ನೋಯುತ್ತದೆ. ಎರಡನೆಯ ದಿನ ಇನ್ನೂ ಹೆಚ್ಚು. ಮೂರುನಾಲ್ಕು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆದರೆ ಮೊದಲ ದಿನವೇ ಪಂತ ಕಟ್ಟಿ ಐನೂರು ಬೈಠಕ್ಕು ಹೊಡೆಯುವುದು ಶೌರ್ಯವಲ್ಲ, ಅಪಾಯ. ಮಿತಿಮೀರಿ ದಣಿದ ಸ್ನಾಯು ಒಡೆದು ಅದರ ದ್ರವ್ಯ ರಕ್ತಕ್ಕೆ ಸೇರಿದರೆ ಮೂತ್ರಪಿಂಡಗಳು ಕೆಡಬಹುದು. ತಾಳಲಾರದ ನೋವಿನ ಜೊತೆಗೆ ಮೂತ್ರ ಚಹದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಿರಿಯ ವಿದ್ಯಾರ್ಥಿಗಳು ತಮಾಷೆಗೆಂದು ಇಂತಹ ಪಂತಕ್ಕೆ ಎಳೆದರೆ ಒಪ್ಪಬಾರದು.

ಮೊದಲ ಕೆಲವು ವಾರ ಕನ್ನಡಿಯಲ್ಲಿ ಏನೂ ಬದಲಾವಣೆ ಕಾಣದು, ಎತ್ತುವ ಭಾರ ಮಾತ್ರ ಹೆಚ್ಚುತ್ತದೆ. ಸ್ನಾಯುಗಳನ್ನು ಒಟ್ಟಾಗಿ ದುಡಿಸುವುದನ್ನು ನರಗಳು ಮೊದಲು ಕಲಿಯುತ್ತವೆ. ಮಾಂಸಖಂಡ ತುಂಬುವುದು ಆಮೇಲೆ. ಇದನ್ನರಿಯದೆ ಬೇಸತ್ತು ಬಿಡುವವರೇ ಹೆಚ್ಚು. ಆತುರಗಾರರಿಗೆ ಪುಡಿ, ಮಾತ್ರೆ, ಸೂಜಿಮದ್ದುಗಳ ಆಸೆ ತೋರಿಸುವವರೂ ಇರುತ್ತಾರೆ. ಸ್ಟಿರಾಯ್ಡುಗಳು ಯಕೃತ್ತನ್ನೂ ಹೃದಯವನ್ನೂ ಕೆಡಿಸುತ್ತವೆ, ಸಂತಾನಶಕ್ತಿಗೂ ಕುತ್ತು ತರುತ್ತವೆ. ಮೆಸ್ಸಿನ ಅನ್ನದ ಜೊತೆಗೆ ನೆನೆದ ಕಡಲೆ, ಶೇಂಗಾ, ಮೊಳಕೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಇಷ್ಟಿದ್ದರೆ ಹೊಸಬನಿಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯೂ ದೊಡ್ಡವರಿಗೆ ೨೦೨೦ರಲ್ಲಿ ಹೇಳಿದ್ದು ಇಷ್ಟೇ: ವಾರಕ್ಕೆ ೧೫೦ರಿಂದ ೩೦೦ ನಿಮಿಷ ಸಾಧಾರಣ ಶ್ರಮ, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಸಾಧನೆ. ಇದು ಹೆಣ್ಣುಮಕ್ಕಳಿಗೂ ಅಷ್ಟೇ ಸಲ್ಲುವ ಮಾತು. ಎಲುಬು ಗಟ್ಟಿಯಾಗಬೇಕಾದ ಪ್ರಾಯದಲ್ಲಿ ಅವರನ್ನು ಮನೆಯಲ್ಲಿ ಕೂಡಿಸುವುದು ನ್ಯಾಯವಲ್ಲ.

ಹಾವೇರಿಯ ಹುಡುಗ ಈಗ ವಾರಕ್ಕೆ ಮೂರು ದಿನ ಹೋಗುತ್ತಾನೆ. ಪೈಲ್ವಾನನೇನೂ ಆಗಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿದೆ, ಮರಾಠಿಯಲ್ಲಿ ನೂರರವರೆಗೆ ಎಣಿಸಬಲ್ಲನು, ತಾಯಿಯ ಸಂಗಡ ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಾನಂತೆ.

ನಮ್ಮ ಕುಟುಂಬಗಳು ಇಂತಹ ಹುಡುಗರನ್ನು ಗಣೇಶನ ಹಬ್ಬಕ್ಕೋ ದೀಪಾವಳಿಗೋ ಊಟಕ್ಕೆ ಕರೆಯುವುದುಂಟು. ಹೋಳಿಗೆ ಬಡಿಸುವಾಗ ಇನ್ನೊಂದು ಮಾತನ್ನೂ ಕೇಳಿರಿ: ವ್ಯಾಯಾಮಶಾಲೆಗೆ ಹೋಗುತ್ತೀಯಾ? ಇಲ್ಲವೆಂದರೆ ಕಾರಣ ಕೆದಕಬೇಡಿರಿ. ನಾಳೆ ಬೆಳಗ್ಗೆ ಆರಕ್ಕೆ ನಿಮ್ಮ ಮಗನನ್ನೋ ಮಗಳನ್ನೋ ಜೊತೆ ಮಾಡಿ ಬಾಗಿಲಿನ ತನಕ ಕಳುಹಿಸಿಕೊಡಿರಿ. ಬಿಡುವಿದ್ದರೆ ನೀವೇ ಹೋಗಿರಿ. ಹೇಗೂ ನಮ್ಮಲ್ಲಿ ಹಲವರ ಹೊಟ್ಟೆಗೂ ಅದರ ಅಗತ್ಯವಿದೆ.